ಕಾವಲು ದೂತರು ಯಾರು?

ಪ್ರಶ್ನೆ: ತೀರಿಹೋದ ಮಕ್ಕಳು ದೇವದೂತರಾಗಿ ಮನೆಯವರನ್ನು ಕಾಯುತ್ತಾರೆಂದು ನಮ್ಮ ಹಿರಿಯರು ಹೇಳುತ್ತಾರೆ. ಕಥೋಲಿಕ ಧರ್ಮಸಭೆಯ ಬೋಧನೆಯೂ ಇದೇ ಏನು? ಕಾವಲು ದೂತನಿಗೆ ನಾವು ಹೆಸರಿಡಬಹುದೇ?

ಉತ್ತರ: ಮಗುವನ್ನು ಕಳೆದುಕೊಂಡವರಿಗೆ ಆ ಮಾತು ಕೊಡುವ ಸಾಂತ್ವನ ದೊಡ್ಡದು, ಆದರೂ ಧರ್ಮಸಭೆಯ ಬೋಧನೆ ಬೇರೆ. ದೇವದೂತರು ದೇಹವಿಲ್ಲದ, ಬುದ್ಧಿಯೂ ಇಚ್ಛೆಯೂ ಉಳ್ಳ ಆತ್ಮಸ್ವರೂಪಿಗಳಾಗಿದ್ದು, ಮನುಷ್ಯರು ಸತ್ತು ದೂತರಾಗುವುದಿಲ್ಲ. ದೀಕ್ಷಾಸ್ನಾನ (ಕ್ರೈಸ್ತ ವಿಶ್ವಾಸಕ್ಕೆ ಸೇರಿಸುವ ಜಲಸಂಸ್ಕಾರ) ಪಡೆದು ತೀರಿಕೊಂಡ ಶಿಶು ಸ್ವರ್ಗದಲ್ಲಿ ಮಾನವ ಜೀವವಾಗಿಯೇ, ಸಂತರ ಬಳಗದಲ್ಲಿದ್ದು, ತನ್ನವರಿಗಾಗಿ ದೇವರಲ್ಲಿ ಬೇಡಿಕೊಳ್ಳುತ್ತದೆ. ಇದು ಕಡಿಮೆಯ ಭಾಗ್ಯವೇನೂ ಅಲ್ಲ.

ಚಿಕ್ಕವರ ದೂತರು ಸ್ವರ್ಗದಲ್ಲಿ ಸದಾ ತಂದೆಯ ಮುಖವನ್ನು ಕಾಣುತ್ತಿರುತ್ತಾರೆಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿದೆ. ಬದುಕಿನ ಆರಂಭದಿಂದ ಮರಣದವರೆಗೂ ಈ ದೂತರ ಕಾವಲು ನಮ್ಮನ್ನು ಸುತ್ತುವರಿದಿರುತ್ತದೆ ಎಂಬುದು ಧರ್ಮಸಭೆಯ ವಿಶ್ವಾಸ. ಆದರೆ ದೂತನು ನಮ್ಮ ಇಚ್ಛೆಯನ್ನು ಬಲವಂತದಿಂದ ಬಾಗಿಸಲಾರನು. ಮಧ್ಯಯುಗದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ವಿವರಿಸುವಂತೆ, ಅವನು ಬುದ್ಧಿಗೆ ಬೆಳಕು ತೋರಿ ಒಳಿತಿನತ್ತ ಪ್ರೇರೇಪಿಸುತ್ತಾನೆ, ಆಯ್ಕೆ ಮಾತ್ರ ನಮ್ಮದು. ಆದ್ದರಿಂದಲೇ ಮಕ್ಕಳು ಕಲಿಯುವ, ಕಾವಲು ದೂತನಿಗೆ ಹೇಳುವ ಪುಟ್ಟ ಜಪದಲ್ಲಿ ಕೇಳಿಕೊಳ್ಳುವುದು ಬೆಳಕನ್ನು, ರಕ್ಷಣೆಯನ್ನು, ಮಾರ್ಗದರ್ಶನವನ್ನು. ಆರಾಧನೆ ದೇವರೊಬ್ಬರಿಗೇ ಸಲ್ಲತಕ್ಕದ್ದು.

ಹೆಸರಿಡುವುದು ಬೇಡ. ಬೈಬಲಿನಲ್ಲಿ ಬರುವ ಮಿಖಾಯೇಲ, ಗಬ್ರಿಯೇಲ, ರಫಾಯೇಲರ ಹೊರತು ಬೇರೆ ದೂತರಿಗೆ ಹೆಸರು ಕೊಡುವುದನ್ನು ವ್ಯಾಟಿಕನ್ನಿನ 2001ರ ಮಾರ್ಗಸೂಚಿ ಪ್ರೋತ್ಸಾಹಿಸುವುದಿಲ್ಲ. ಹೆಸರಿಲ್ಲದೆಯೂ ಪ್ರಾರ್ಥಿಸಬಹುದು, ಅಕ್ಟೋಬರ್ 2 ಕಾವಲು ದೂತರ ಸ್ಮರಣೆಯ ದಿನ, ಅಂದು ಮನೆಮಂದಿಯೆಲ್ಲ ಸೇರಿ ಆ ಜಪವನ್ನು ಹೇಳಿರಿ.