ಮಣಿ ಉಂಗುರ ಮುಗಿಯುವಷ್ಟರಲ್ಲಿ ಬಿಗಿಯಾಗುವುದೇಕೆ?

ಪ್ರಶ್ನೆ: ತಂತಿ ಸುತ್ತಿ ಮಣಿ ಉಂಗುರ ಮಾಡಲು ಮೂರು ಸಲ ಪ್ರಯತ್ನಿಸಿದೆ. ನನ್ನ ಬೆರಳಿನಷ್ಟೇ ದಪ್ಪದ ಮಾರ್ಕರ್‌ಗೆ ಸುತ್ತುತ್ತೇನೆ. ಆದರೂ ಮುಗಿದ ಮೇಲೆ ಉಂಗುರ ಗೆಣ್ಣು ದಾಟುವುದಿಲ್ಲ, ಮಣಿಯೂ ಅಲುಗಾಡುತ್ತದೆ. ತಪ್ಪು ಎಲ್ಲಿ?

ಉತ್ತರ: ಬೆರಳಿನಷ್ಟೇ ದಪ್ಪದ್ದಕ್ಕೆ ಸುತ್ತಿದ್ದೇ ಮೊದಲ ತಪ್ಪು. ಕೊನೆಯಲ್ಲಿ ಮಣಿಯ ಎರಡೂ ಪಕ್ಕ ತಂತಿಯನ್ನು ಬಳೆಗೆ, ಅಂದರೆ ಬೆರಳನ್ನು ಬಳಸುವ ತಂತಿಯ ವೃತ್ತಕ್ಕೆ, ಸುತ್ತುತ್ತೀರಲ್ಲ, ಆ ಸುತ್ತುಗಳು ಉಂಗುರದ ಒಳಮೈಗೂ ಬರುತ್ತವೆ. ತಂತಿಯ ದಪ್ಪದಷ್ಟು ಜಾಗ ಅಲ್ಲೇ ಹೋಯಿತು. ಆದ್ದರಿಂದ ಬೇಕಾದ ಒಳವ್ಯಾಸಕ್ಕಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡದಕ್ಕೆ ಸುತ್ತಿ. ಕಾಗದದ ಪಟ್ಟಿಯನ್ನು ಬೆರಳಿನ ಬುಡಕ್ಕಲ್ಲ, ಗೆಣ್ಣಿಗೆ ಸುತ್ತಿ ಅಳೆದು, ಬಂದ ಉದ್ದವನ್ನು 3.14ರಿಂದ ಭಾಗಿಸಿ. 53 ಮಿ.ಮೀ. ಬಂದರೆ ವ್ಯಾಸ ಸುಮಾರು 17. ಆಗ ನಿಮ್ಮ ಮಾರ್ಕರ್ 17.5ರಿಂದ 18 ಮಿ.ಮೀ. ಇರಬೇಕು, ಕಡಿಮೆಯಿದ್ದರೆ ಅಂಟುಪಟ್ಟಿ ಸುತ್ತಿ ದಪ್ಪ ಮಾಡಿಕೊಳ್ಳಿ.

8 ಮಿ.ಮೀ. ಮಣಿಗೆ 0.8 ಮಿ.ಮೀ. ದಪ್ಪದ ಮೆದು ತಾಮ್ರದ ತಂತಿ ಸುಮಾರು 35 ಸೆಂ.ಮೀ. ಬೇಕು. ಕೊನೆಯಲ್ಲಿ ಒಂದಿಷ್ಟು ವ್ಯರ್ಥವಾಗುತ್ತದೆ ನಿಜ, ಆದರೆ ಹಿಡಿದು ಎಳೆಯಲು ತುದಿ ಉಳಿಯದಿದ್ದರೆ ಸುತ್ತು ಬಿಗಿಯಾಗುವುದಿಲ್ಲ. ತಂತಿ ಕೊಳ್ಳುವಾಗ ಗೇಜ್ (ದಪ್ಪ ಸೂಚಿಸುವ ಸಂಖ್ಯೆ) ನಂಬಬೇಡಿ, ಮಿಲಿಮೀಟರ್ ಕೇಳಿ. ಅಮೆರಿಕನ್ ಪದ್ಧತಿಯ 20 ಗೇಜ್ ಎಂದರೆ 0.81 ಮಿ.ಮೀ., ಬ್ರಿಟಿಷ್ ಪದ್ಧತಿಯ 20 ಗೇಜ್ ಎಂದರೆ 0.91. ಮಣಿಯ ತೂತು 1 ಮಿ.ಮೀ. ಇರಲಿ. ಮುತ್ತಿನ ತೂತು ಸಾಮಾನ್ಯವಾಗಿ ಇದಕ್ಕಿಂತ ಕಿರಿದು, ಅದಕ್ಕೆ 0.5 ಮಿ.ಮೀ. ತಂತಿ ಹಿಡಿದು ಸುತ್ತು ಹೆಚ್ಚಿಸಿ. ಒತ್ತಾಯದಿಂದ ತೂರಿಸಿದರೆ ಗಾಜಿನ ಮಣಿ ತೂತಿನ ಬಾಯಲ್ಲೇ ಸೀಳುತ್ತದೆ.

ಇನ್ನು ಮಣಿ ಅಲುಗಾಡುವುದು. ಅದು ಮೊದಲ ಎರಡು ಹೆಜ್ಜೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಮಣಿಯನ್ನು ತಂತಿಯ ನಟ್ಟನಡುವೆ ತಂದು ಮಾರ್ಕರ್ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಬಲ ತುದಿ ಕೆಳಗಿನಿಂದ ಬಳಸಿ ಎಡಕ್ಕೆ ಬರಲಿ, ಎಡ ತುದಿ ಬಲಕ್ಕೆ. ಹಿಂಬದಿಯಲ್ಲಿ ಎರಡು ಎಳೆಗಳೂ ಪಕ್ಕಪಕ್ಕ ಮಲಗಬೇಕು. ಒಂದರ ಮೇಲೊಂದು ಹತ್ತಿದರೆ ಬೆರಳಿಗೆ ಒತ್ತುತ್ತದೆ. ಈಗ ಎರಡೂ ತುದಿಗಳು ಮಣಿಯ ಎದುರುಬದುರು ಪಕ್ಕದಲ್ಲಿರುತ್ತವೆ. ಎರಡನ್ನೂ ಒಟ್ಟಿಗೆ ಎಳೆದು ಹಿಡಿದು, ಒಂದೇ ದಿಕ್ಕಿಗೆ ಮಣಿಯ ಬುಡದ ಸುತ್ತ ತಿರುಗಿಸಿ. ಒಂದನ್ನು ಹೀಗೆ ಇನ್ನೊಂದನ್ನು ಹಾಗೆ ತಿರುಗಿಸಿದರೆ ಒಂದರ ಬಿಗಿಯನ್ನು ಇನ್ನೊಂದು ಬಿಚ್ಚುತ್ತದೆ. ಮೊದಲ ಅರ್ಧ ಸುತ್ತಿನಲ್ಲಿ ಉಳಿದ ಸಡಿಲವನ್ನು ಆಮೇಲೆ ಎಷ್ಟು ಸುತ್ತಿದರೂ ಸರಿಪಡಿಸಲಾಗದು.

ಒಂದೂವರೆ ಸುತ್ತು ಸಾಕು. ಸುತ್ತು ಮಣಿಯ ನಡುಮಟ್ಟಕ್ಕಿಂತ ಕೆಳಗೇ ಇರಲಿ, ಮೇಲೆ ಹತ್ತಿದರೆ ಮಣಿಯೇ ಮುಚ್ಚಿಹೋಗುತ್ತದೆ. ನಂತರ ಮಾರ್ಕರ್‌ನಿಂದ ತೆಗೆದು, ತುದಿಗಳನ್ನು ಎಡಬಲದಲ್ಲಿ ಬಳೆಯೊಳಗಿಂದ ತೂರಿಸಿ ಎರಡು-ಮೂರು ಸಲ ಒತ್ತಾಗಿ ಸುತ್ತಿ.

ಈಗಾಗಲೇ ಬಿಗಿಯಾದ ಉಂಗುರವನ್ನು ತುಸು ದಪ್ಪದ ಕೋಲಿಗೆ ತಿರುಚುತ್ತಾ ಇಳಿಸಿದರೆ ಕೂದಲೆಳೆಯಷ್ಟು ಸಡಿಲವಾದೀತು, ಅಷ್ಟೇ. ಮಣಿ ಉಳಿಸಿಕೊಂಡು ತಂತಿ ಕತ್ತರಿಸಿ ಹೊಸದಾಗಿ ಮಾಡುವುದೇ ಲೇಸು.

ಪ್ರಶ್ನೆ: ಬಿಚ್ಚಿದ ತಂತಿಯನ್ನೇ ಮತ್ತೆ ಬಳಸಿದೆ. ಸುತ್ತುವಾಗ ತುಂಡಾಯಿತು. ಕಳಪೆ ತಂತಿಯೇ?

ಉತ್ತರ: ತಂತಿಯನ್ನು ದೂರಬೇಡಿ. ತಾಮ್ರ ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಅದೇ ಜಾಗದಲ್ಲಿ ಹಿಂದೆಮುಂದೆ ಮಾಡಿದರೆ ಮುರಿಯುತ್ತದೆ. ಬರಿಯ ತಾಮ್ರವನ್ನು ಕಾಯಿಸಿ ಮೆದು ಮಾಡಬಹುದು, ಆದರೆ ಮೈಯೆಲ್ಲ ಕಪ್ಪಾಗುತ್ತದೆ. ಬಣ್ಣ ಲೇಪಿಸಿದ ತಂತಿಗಂತೂ ಬೆಂಕಿ ತೋರಿಸಲೇಬಾರದು. 35 ಸೆಂ.ಮೀ. ತಂತಿಗೆ ಇಷ್ಟು ಪಾಡು ಯಾಕೆ? ಹೊಸ ತುಂಡು ತೆಗೆದುಕೊಳ್ಳಿ. ಹಲ್ಲಿರುವ ಇಕ್ಕಳ ಬಳಸಿದ್ದರೆ ಅದೂ ಒಂದು ಕಾರಣ: ಅದು ಮಾಡಿದ ಗಾಯದಲ್ಲೇ ತಂತಿ ತುಂಡಾಗುತ್ತದೆ. ನುಣುಪು ಬಾಯಿಯ ಇಕ್ಕಳ ಬೇಕು. ಇಲ್ಲವಾದರೆ ಇರುವುದರ ಬಾಯಿಗೇ ಅಂಟುಪಟ್ಟಿ ಸುತ್ತಿ.

ಪ್ರಶ್ನೆ: ತಂತಿಯ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬೆರಳೂ ಹಸಿರಾಗುತ್ತದೆ. ಇದು ಅಪಾಯವೇ?

ಉತ್ತರ: ತುದಿಯನ್ನು ಬಳೆಯ ಹೊರಮೈಯಲ್ಲಿ ಕತ್ತರಿಸಿ, ಒಳಮೈಯಲ್ಲಿ ಬೇಡ. ತಂತಿ ಕತ್ತರಿಸುವ ಇಕ್ಕಳದ ಚಪ್ಪಟೆ ಪಕ್ಕ ಉಂಗುರದ ಕಡೆಗಿದ್ದರೆ ಮೊಂಡಾಗಿ ಕತ್ತರಿಸುತ್ತದೆ, ತಿರುಗಿಸಿ ಹಿಡಿದರೆ ಚೂಪು ಮೊನೆ ಉಳಿಯುತ್ತದೆ. ಆಮೇಲೆ ಇಕ್ಕಳದಿಂದ ತುದಿಯನ್ನು ಮಣಿಯ ಬುಡದ ಕಡೆಗೆ ಒತ್ತಿ, ನುಣುಪು ಮರಳುಕಾಗದದಲ್ಲಿ ಒಂದೆರಡು ಸಲ ಉಜ್ಜಿ. ಕತ್ತರಿಸುವಾಗ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯಿರಿ, ಚೂರು ಕಣ್ಣಿಗೆ ಹಾರುತ್ತದೆ.

ಹಸಿರು ಬಣ್ಣ ಬರುವುದು ತಾಮ್ರ ಮತ್ತು ಬೆವರು ಸೇರಿ ಆಗುವ ಲವಣದಿಂದ. ಸೋಪಿನಲ್ಲಿ ತೊಳೆದರೆ ಹೋಗುತ್ತದೆ, ಹೆದರಬೇಕಿಲ್ಲ. ಹಿತ್ತಾಳೆಯಲ್ಲೂ ತಾಮ್ರ ಇರುವುದರಿಂದ ಅದಕ್ಕೆ ಬದಲಿಸಿ ಪ್ರಯೋಜನವಿಲ್ಲ. ಒಳಮೈಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಬಹುದು. ಸವೆದಂತೆ ಮತ್ತೆ ಹಚ್ಚಬೇಕು. ಆದರೆ ತುರಿಕೆ, ಕೆಂಪು ಗುಳ್ಳೆ ಬಂದರೆ ಅದು ಬೇರೆ ಮಾತು. ತಂತಿಯಲ್ಲಿ ನಿಕ್ಕಲ್ ಇರಬಹುದು. ಉಂಗುರ ತೆಗೆದಿಟ್ಟು ಚರ್ಮ ವೈದ್ಯರಿಗೆ ತೋರಿಸಿ, ಮುಂದಿನ ಸಲ 92.5 ಬೆಳ್ಳಿಯ (ನೂರರಲ್ಲಿ 92.5 ಪಾಲು ಬೆಳ್ಳಿ ಇರುವ) ತಂತಿ ತೆಗೆದುಕೊಳ್ಳಿ. ಬೆಳ್ಳಿ ಲೇಪದ್ದು ಸಾಲದು, ಲೇಪ ಉಜ್ಜಿದಂತೆ ಸವೆಯುತ್ತದೆ, ಕತ್ತರಿಸಿದ ತುದಿಯಲ್ಲಿ ಒಳಗಿನ ಲೋಹ ಮೊದಲ ದಿನದಿಂದಲೇ ಚರ್ಮಕ್ಕೆ ತಾಗುತ್ತಿರುತ್ತದೆ.