ಆ ಒಂದು ಕುಲಗೆಟ್ಟ ಮತ

ಅಕ್ಕ,

ನಮ್ಮದು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ದಂಡೆಯ ಒಂದು ಹಳ್ಳಿ. ನಮ್ಮನೆಯವರು ಓಮ್ನಿ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಅವರು ಒಳ್ಳೆಯವರು, ಕುಡಿತವಿಲ್ಲ, ಕೈ ಎತ್ತಿದವರಲ್ಲ. ಆದರೆ ಚುನಾವಣೆಯ ಹುಚ್ಚು. 2015ರಲ್ಲಿ ಗ್ರಾಮ ಪಂಚಾಯಿತಿಗೆ ನಿಂತು ಸೋತರು. ನಡುವೆ ಸೊಸೈಟಿ ಡೈರೆಕ್ಟರ್ ಆಗಲು ಹೋಗಿ ಸೋತರು. 2020ರಲ್ಲಿ ಮತ್ತೆ ಪಂಚಾಯಿತಿ. ಆ ಸಲ ಚಿಹ್ನೆ ಹೊಲಿಗೆ ಯಂತ್ರ ಸಿಕ್ಕಿತು. "ನಿನ್ನ ಮಷಿನ್ನೇ ನನ್ನ ಗೆಲ್ಲಿಸ್ತದೆ ನೋಡು" ಎಂದರು. ಅಷ್ಟರಲ್ಲಿ ನನ್ನ ನಾಲ್ಕು ಬಳೆ ಅಡವು ಹೋಗಿತ್ತು.

ಮತಗಟ್ಟೆಯೊಳಗೆ ನನಗೆ ಏನಾಯಿತೋ ಗೊತ್ತಿಲ್ಲ. ಇವರು ಗೆದ್ದರೆ ಈ ಖರ್ಚು ಜನ್ಮದಲ್ಲಿ ಮುಗಿಯುವುದಿಲ್ಲ ಅನಿಸಿತು. ಹೊಲಿಗೆ ಯಂತ್ರದ ಮೇಲೂ ಸೀಲು ಒತ್ತಿದೆ, ಅದರ ಕೆಳಗಿನ ಚಿಹ್ನೆಯ ಮೇಲೂ ಒತ್ತಿದೆ. ಮಡಚಿ ಹಾಕಿ ಬಂದೆ. ಎಣಿಕೆಯ ದಿನ ಅವರು ಒಂದೇ ಒಂದು ಮತದಿಂದ ಸೋತರು. ಕುಲಗೆಟ್ಟ ಮತ ಒಟ್ಟು ಆರು. ಎರಡು ಕಡೆ ಸೀಲು ಬಿದ್ದ ಆ ಒಂದನ್ನು ಅವರು ಕಣ್ಣಾರೆ ನೋಡಿದರು. ಮಡಚುವಾಗ ಮಸಿ ಅಂಟಿದ್ದು ಎಂದು ವಾದ ಮಾಡಿದರು, ಅಧಿಕಾರಿ ಒಪ್ಪಲಿಲ್ಲ. ಮನೆಗೆ ಬಂದು, "ಇದು ಅತ್ತೆಯದೇ ಕೆಲಸ. ಅವಳಿಗೆ ಕಣ್ಣು ಕಾಣೂದಿಲ್ಲ" ಎಂದರು. ಅತ್ತೆ ಎಂದರೆ ಅವರ ಸೋದರತ್ತೆ. ತಾಯಿ ಇಲ್ಲದ ಇವರನ್ನು ಸಾಕಿದವರು. ಆ ದಿನದಿಂದ ಅವರ ಮನೆಯ ಹೊಸಿಲು ತುಳಿದಿಲ್ಲ. ಮಗಳ ನಿಶ್ಚಿತಾರ್ಥಕ್ಕೂ ಕರೆಯಲಿಲ್ಲ. ಅತ್ತೆ ಈಗ ಬ್ಲೌಸು ಹೊಲಿಸಲು ಬೇರೆ ಊರಿಗೆ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕಾಗ, "ನನ್ನ ಕೈಯೇ ತಪ್ಪಿತ್ತೇನೋ ಮಗಾ" ಎಂದು ಕಣ್ಣೀರು ಹಾಕುತ್ತಾರೆ.

ಈಗ ಮತ್ತೆ ಪಂಚಾಯಿತಿ ಚುನಾವಣೆಯ ಮಾತು. ಈ ಸಲ ಗಜನಿಯ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯ, ನಮ್ಮ ಪಾಲು ಅಡವಿಡುತ್ತಾರಂತೆ. ವಾರ್ಡು ಮಹಿಳಾ ಮೀಸಲಾದರೆ ನನ್ನನ್ನೇ ನಿಲ್ಲಿಸುತ್ತಾರಂತೆ. ನಾನು ನಿಜ ಹೇಳಲೋ, ಸುಮ್ಮನಿರಲೋ?

ಒಬ್ಬ ತಂಗಿ

* * *

ತಂಗಿ,

ಹೊಲಿಗೆ ಯಂತ್ರಕ್ಕೆ ಕೈ ಕೊಟ್ಟವಳು ಹೊಲಿಗೆಯವಳೇ ಎಂದು ಓದಿ ಮೊದಲು ನನಗೆ ನಗು ಬಂತು. ಬೈಯಬೇಡಿ. ಅತ್ತೆಯ ವಿಷಯಕ್ಕೆ ಬಂದಾಗ ಆ ನಗು ನಿಂತುಹೋಯಿತು.

ಮೊದಲು ಲೆಕ್ಕ ಮಾಡೋಣ. ನಿಮ್ಮ ಮತ ಸರಿಯಾಗಿ ಬಿದ್ದಿದ್ದರೆ ಅವರು ಗೆಲ್ಲುತ್ತಿದ್ದರಾ? ಇಲ್ಲ. ಇಬ್ಬರಿಗೂ ಸಮ ಸಮ ಆಗುತ್ತಿತ್ತು. ಸಮ ಬಂದರೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಯಾರ ಹೆಸರು ಬರುತ್ತಿತ್ತೋ ದೇವರಿಗೇ ಗೊತ್ತು. ಉಳಿದ ಐದು ಕುಲಗೆಟ್ಟ ಮತ ಯಾರವು? ಗೋವಾಕ್ಕೆ ಕೆಲಸಕ್ಕೆ ಹೋಗಿ ಮತದ ದಿನ ಬಾರದವರು ಎಷ್ಟು ಜನ? ಒಂದು ಮತದ ಸೋಲು ಊರಿನ ಎಲ್ಲರಿಗೂ ಸೇರಿದ್ದು, ನಿಮಗೊಬ್ಬರಿಗೇ ಅಲ್ಲ. ಐದು ವರ್ಷದಿಂದ ಪೂರ್ತಿ ಸೋಲನ್ನು ನೀವೊಬ್ಬರೇ ಹೊತ್ತಿದ್ದೀರಿ. ಅದರಲ್ಲಿ ನಿಮ್ಮ ಪಾಲು ಒಂದು ಚೀಟಿಯ ಅರ್ಧ, ಅಷ್ಟೆ.

ಒಂದು ಮತದ ಸೋಲು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಹಾಗೇ. ಎದುರಾಳಿ ಧ್ರುವನಾರಾಯಣ ಅವರಿಗೆ 40,752, ಇವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಆ ಚಾಲಕನ ಕಥೆ ಬರುತ್ತದೆ. ಇವರಿಬ್ಬರಿಗೇ 81 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದ್ದರು, ಹೊಣೆ ಮಾತ್ರ ಹಾಕದ ಒಬ್ಬನ ತಲೆಗೆ! ಜನರಿಗೆ ಒಂದು ಮುಖ ಬೇಕು. ನಿಮ್ಮ ಯಜಮಾನರಿಗೂ ಒಂದು ಮುಖ ಬೇಕಾಗಿತ್ತು. ಅತ್ತೆಯ ಮುಖ ಹತ್ತಿರದಲ್ಲಿತ್ತು, ಬೈದರೂ ತಿರುಗಿ ಬೈಯದ ಮುಖವಾಗಿತ್ತು.

ಮಸಿ ಅಂಟಿದ ವಾದವನ್ನು ಅಧಿಕಾರಿ ಯಾಕೆ ಒಪ್ಪಲಿಲ್ಲ ಗೊತ್ತಾ? ಆ ಸೀಲಿನ ಬಾಣದ ಗುರುತನ್ನು ಬೇಕಂತಲೇ ಹಾಗೆ ಮಾಡಿದ್ದಾರೆ. ಕಾಗದ ಮಡಚಿ ಮಸಿ ಅಂಟಿದರೆ ಗುರುತು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಬೀಳುತ್ತದೆ. ನಿಮ್ಮದರಲ್ಲಿ ಎರಡೂ ನೆಟ್ಟಗೆ ಇದ್ದಿರಬೇಕು. ಕಣ್ಣು ಕಾಣದ ಮುದುಕಿ ಎರಡೂ ಚೌಕದಲ್ಲಿ ನೆಟ್ಟಗೆ ಒತ್ತುವುದು ಸ್ವಲ್ಪ ಕಷ್ಟವೇ. ಇದು ಯಜಮಾನರ ತಲೆಗೂ ಒಂದಲ್ಲ ಒಂದು ದಿನ ಹೊಳೆದಿರುತ್ತದೆ. ಹೊಳೆದದ್ದನ್ನು ಅವರು ಪಕ್ಕಕ್ಕೆ ಸರಿಸಿರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾರಿಗೆ ಮತ ಹಾಕಿದಿರಿ ಎಂದು ಹೇಳಬೇಕಾದ ಸಾಲ ನಿಮಗೆ ಯಾರದೂ ಇಲ್ಲ, ಗಂಡನದೂ ಇಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಇರುವ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ, ಸಾಕ್ಷಿಗೆ ನಿಂತವರನ್ನು ಕೂಡ ಯಾರಿಗೆ ಮತ ಹಾಕಿದೆ ಎಂದು ಬಾಯಿ ಬಿಡಿಸುವಂತಿಲ್ಲ. ಕೋರ್ಟಿನಲ್ಲೇ ಹೀಗಿರುವಾಗ ಅಡುಗೆಮನೆಯಲ್ಲಿ ಯಾಕೆ ಹೇಳಬೇಕು? ವಿಷಯ ಇಷ್ಟೇ ಆಗಿದ್ದರೆ ನಾನು, "ಸುಮ್ನಿರಿ, ಬ್ಲೌಸು ಹೊಲಿಯಿರಿ" ಎಂದು ಎರಡು ಸಾಲಿನಲ್ಲಿ ಉತ್ತರ ಮುಗಿಸುತ್ತಿದ್ದೆ.

ಆದರೆ ನಿಮ್ಮ ಗುಟ್ಟಿನ ಬಡ್ಡಿಯನ್ನು ಅತ್ತೆ ಕಟ್ಟುತ್ತಿದ್ದಾರೆ. ಮಾಡದ ತಪ್ಪನ್ನು ತಾನೇ ಮಾಡಿದೆನೇನೋ ಎಂದು ನಂಬುವ ಮಟ್ಟಕ್ಕೆ ಬಂದಿದ್ದಾರೆ. ಇದನ್ನು ನಾನು ಒಪ್ಪಲಾರೆ. ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಇಲ್ಲಿ ಮಾತ್ರ. ಸೀಲು ಒತ್ತಿದ್ದಕ್ಕಲ್ಲ, ನಿಶ್ಚಿತಾರ್ಥದ ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಹಾಗಾಗಿ ಹೇಳಿ. "ಅತ್ತೆಯದಲ್ಲ, ನನಗೆ ಗೊತ್ತು" ಎಂದು ಅರ್ಧ ಹೇಳಿ ಪಾರಾಗಬಹುದು ಅನಿಸುತ್ತದೆ. ಆಗುವುದಿಲ್ಲ. "ನಿಂಗೆ ಹೆಂಗೆ ಗೊತ್ತು?" ಎಂದು ಮರುಕ್ಷಣವೇ ಕೇಳುತ್ತಾರೆ. ಆಗ ತಡವರಿಸುವುದಕ್ಕಿಂತ ಪೂರ್ತಿಯಾಗಿ ನೀವೇ ಹೇಳುವುದು ವಾಸಿ. ನಾಮಪತ್ರ ಹಾಕುವ ಮೊದಲೇ ಹೇಳಿ. ಪ್ರಚಾರ ಶುರುವಾದ ಮೇಲೆ ಹೇಳಿದರೆ ಅದು ಎದುರು ಪಾರ್ಟಿಯ ಮಾತಿನ ಹಾಗೆ ಕೇಳಿಸುತ್ತದೆ. ಮಗಳ ಎದುರು ಬೇಡ, ರಾತ್ರಿ ಮಲಗುವ ಹೊತ್ತಿಗೂ ಬೇಡ. ಒಂದು ಮಧ್ಯಾಹ್ನ ಇಬ್ಬರೇ ಓಮ್ನಿಯಲ್ಲಿ ಎಲ್ಲಿಗಾದರೂ ಹೋಗಿ. ಗಾಡಿ ನಿಲ್ಲಿಸಿದ ಮೇಲೆ ಹೇಳಿ, ಓಡುತ್ತಿರುವಾಗ ಅಲ್ಲ ಮತ್ತೆ! ಸಿಟ್ಟು ಬರುತ್ತದೆ. ನಾಲ್ಕು ದಿನ ಮಾತು ಬಿಡಬಹುದು. ಬಿಡಲಿ. ಅತ್ತೆಯ ಜೊತೆ ಐದು ವರ್ಷ ಬಿಟ್ಟಿದ್ದಾರಲ್ಲ.

"ಯಾಕೆ ಮಾಡಿದೆ?" ಎಂದು ಕೇಳಿದಾಗ ಏನು ಹೇಳುತ್ತೀರಿ ಎಂಬುದನ್ನು ಮಾತ್ರ ಈಗಲೇ ಯೋಚಿಸಿಡಿ. ಅಳುತ್ತಾ ತಪ್ಪಾಯಿತು ಎಂದಷ್ಟೇ ಹೇಳಿದರೆ ಎಲ್ಲ ಕೆಟ್ಟಿತು. ಅವರು ಕ್ಷಮಿಸಿಬಿಡುತ್ತಾರೆ, ಕ್ಷಮಿಸಿದ ಜೋರಿನಲ್ಲಿ ಗಜನಿಯನ್ನೂ ಅಡವಿಡುತ್ತಾರೆ. ಮನೆಯಲ್ಲಿ ಹೇಳಬೇಕಾದ "ಬೇಡ" ಎಂಬ ಮಾತನ್ನು ನೀವು ಮತಪೆಟ್ಟಿಗೆಯಲ್ಲಿ ಹೇಳಿದಿರಿ. ಈ ಸಲ ಅದನ್ನು ಬಾಯಿಬಿಟ್ಟು ಹೇಳಿ. ಬಳೆ ಹೋದಾಗ ಏನನಿಸಿತು, ಗೆಲುವಿನ ಬಗ್ಗೆ ಯಾಕೆ ಭಯ, ಎಲ್ಲ.

ಖರ್ಚಿನ ಬಗ್ಗೆ ಎರಡು ಮಾತು. 2020ರಲ್ಲಿ ಗ್ರಾಮ ಪಂಚಾಯಿತಿಗೆ ಠೇವಣಿ ಇದ್ದದ್ದು ಸಾಮಾನ್ಯ ವರ್ಗಕ್ಕೆ 200 ರೂಪಾಯಿ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 100. ಪಕ್ಷದ ಚಿಹ್ನೆ ಇಲ್ಲ. ಇಡೀ ವಾರ್ಡು ಒಂದು ಸಂಜೆ ನಡೆದರೆ ಮುಗಿಯುತ್ತದೆ. ಹಾಗಿದ್ದ ಮೇಲೆ ನಾಲ್ಕು ಬಳೆ ಎಲ್ಲಿ ಕರಗಿದವು? ಕರಪತ್ರಕ್ಕಂತೂ ಅಲ್ಲ. ರಾತ್ರಿ ಊಟ, ಬಾಟ್ಲಿ, ಕೊನೆಯ ದಿನದ ಕವರು. ಕೊಡುವವರೂ ಬಾಯಿ ಬಿಡುವುದಿಲ್ಲ, ತಗೊಳ್ಳುವವರೂ ಬಿಡುವುದಿಲ್ಲ. ಕುಡಿಯದ ನಿಮ್ಮ ಯಜಮಾನರು ಎಷ್ಟು ಜನರಿಗೆ ಕುಡಿಸಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಓಮ್ನಿಯ ಒಂದು ತಿಂಗಳ ಬಾಡಿಗೆ ಎಷ್ಟೋ ಅಷ್ಟೇ ಪ್ರಚಾರದ ಖರ್ಚು, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಹೇಳಿ. ಗಜನಿಯ ಪತ್ರ ಪೆಟ್ಟಿಗೆಯಿಂದ ಹೊರಬರಕೂಡದು. ಉಪ್ಪುನೀರು ನುಗ್ಗಿದರೂ ಕಗ್ಗ ಭತ್ತ ಬೆಳೆಯುವ ನೆಲ ಅದು. ಸಾಲ ನುಗ್ಗಿದರೆ ಏನೂ ಬೆಳೆಯುವುದಿಲ್ಲ.

ಅವರು ಉದಾಹರಣೆ ತರುತ್ತಾರೆ, ನೋಡಿ. "ಶಿರಸಿಯ ಭೀಮಣ್ಣ ಎಷ್ಟು ಸಲ ಸೋತು ಗೆದ್ದರು?" ಎನ್ನುತ್ತಾರೆ. ನಿಜವೇ. ಭೀಮಣ್ಣ ನಾಯ್ಕ 2018ರಲ್ಲಿ ಶಿರಸಿಯಲ್ಲಿ ಸೋತರು, 2019ರ ಯಲ್ಲಾಪುರ ಉಪಚುನಾವಣೆಯಲ್ಲಿ ಸೋತರು, 2023ರಲ್ಲಿ ಗೆದ್ದರು. ಅವರ ಎದುರು ಸೋತ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಮರುವರ್ಷವೇ ಲೋಕಸಭೆಗೆ ಹೋದರು. ನಿಮ್ಮದೇ ಕುಮಟಾ ಕ್ಷೇತ್ರದಲ್ಲಿ 2023ರ ಅಂತರ ಬರೀ 676 ಮತ. ಸೋಲು ಗೆಲುವು ಹೀಗೇ. ಆದರೆ ಅವರೆಲ್ಲರ ಹಿಂದೆ ಒಂದೊಂದು ಪಕ್ಷ ಇತ್ತು. ನಿಮ್ಮ ಯಜಮಾನರ ಹಿಂದೆ ಇರುವುದು ನಿಮ್ಮ ಕೈಬಳೆ.

ಪಕ್ಷವಿಲ್ಲದೆ ಗೆದ್ದವರ ಉದಾಹರಣೆ ಬೇಕಾದರೆ ನಾನು ಕೊಡುತ್ತೇನೆ. ಅಂಕೋಲೆಯ ದಿನಕರ ದೇಸಾಯಿಯವರು 1967ರಲ್ಲಿ ಪಕ್ಷೇತರರಾಗಿ ನಿಂತು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಹೋದರು. ಅದಕ್ಕೆ 14 ವರ್ಷ ಮೊದಲೇ, 1953ರಲ್ಲಿ, ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆಯುವ ಕೆಲಸ ಶುರು ಮಾಡಿದ್ದರು. ಜನ ಮೊದಲು ಶಾಲೆ ನೋಡಿದರು, ಆಮೇಲೆ ಚಿಹ್ನೆ.

ನೀವು ಬರೆದಿಲ್ಲ, ಆದರೆ ನನಗೊಂದು ಅನುಮಾನ. ನಮ್ಮದು ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಇಲ್ಲ ಹುಬ್ಬಳ್ಳಿ ಎನ್ನುವ ಜಿಲ್ಲೆ. ಅಂಥ ಕಡೆ ಓಮ್ನಿ ಇಟ್ಟುಕೊಂಡವರು ನಡುರಾತ್ರಿ ಎಷ್ಟು ಜನರನ್ನು ಕರೆದೊಯ್ದಿರಬಹುದು? ಅರ್ಧ ಜನ ಬಾಡಿಗೆ ಕೊಟ್ಟಿರಲಿಕ್ಕಿಲ್ಲ. ಇದು ನಿಜವಾದರೆ ಅವರು ಆಗಲೇ ಊರಿಗೆ ಬೇಕಾದವರು. ಅವರಿಗೆ ಬೇಕಾಗಿರುವುದು ಊರು ಅದನ್ನು ಬಾಯಿಬಿಟ್ಟು ಹೇಳುವುದು. ಪ್ರಚಾರದ ಹದಿನೈದು ದಿನ ಎಲ್ಲರೂ ಬಾ ಕೂತ್ಕೋ ಎಂದು ಚಾ ಕೊಡುತ್ತಾರೆ. ಆ ಹದಿನೈದು ದಿನಕ್ಕಾಗಿ ಐದು ವರ್ಷ ಕಾಯುತ್ತಾರೆ ಅನಿಸುತ್ತದೆ. ನನ್ನ ದೊಡ್ಡಪ್ಪನೂ ಹೀಗೇ ಇದ್ದರು. ಸೋತ ಮರುದಿನ ಜ್ವರ ಬರುತ್ತಿತ್ತು, ಮೂರನೇ ದಿನ ಮತದಾರರ ಪಟ್ಟಿ ಹಿಡಿದು ಕೂರುತ್ತಿದ್ದರು.

ಗೆಲ್ಲದೆಯೂ ಮಾಡುವ ಕೆಲಸ ಬೇಕಾದಷ್ಟಿದೆ. ಗ್ರಾಮಸಭೆಯಲ್ಲಿ ಮತದಾರನಾದ ಯಾರು ಬೇಕಾದರೂ ಎದ್ದು ಮಾತಾಡಬಹುದು. ಮನೆ ಮಂಜೂರಿಗೆ ಯಾರ ಹೆಸರು, ಬೇಸಿಗೆಯಲ್ಲಿ ಬಾವಿ ಉಪ್ಪಾದ ಮನೆಗಳಿಗೆ ನೀರು ಎಲ್ಲಿಂದ, ಗಜನಿಯ ಒಡ್ಡು ಯಾವಾಗ ರಿಪೇರಿ, ಎಲ್ಲ ಅಲ್ಲೇ ಕೇಳಬೇಕು. ಅವರು ಕಳೆದ ಐದು ವರ್ಷದಲ್ಲಿ ಎಷ್ಟು ಗ್ರಾಮಸಭೆಗೆ ಹೋಗಿದ್ದಾರೆ? ಒಂದಕ್ಕೂ ಹೋಗದೆ ಮತ್ತೆ ನಿಲ್ಲುತ್ತೇನೆ ಎಂದರೆ ನಾನಾದರೂ ಅವರಿಗೆ ಮತ ಹಾಕುವುದಿಲ್ಲ. ಹೋಗಿ ಕೂತು ಜಗಳ ಮಾಡಿದ್ದರೆ, ಅಡವಿಲ್ಲದೆ ನಿಲ್ಲಲಿ, ನೀವೂ ಜೊತೆಗೆ ಹೋಗಿ ಕರಪತ್ರ ಹಂಚಿ.

ಮಹಿಳಾ ಮೀಸಲಿನ ವಿಷಯವನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ತುರುಕಿದ್ದೀರಿ. ನಿಮ್ಮನ್ನು "ನಿಲ್ಲಿಸುತ್ತಾರಂತೆ". ನಿಲ್ಲುವುದು ನೀವು. ಅರ್ಧ ಸ್ಥಾನ ಹೆಂಗಸರಿಗೆ ಇಟ್ಟದ್ದು ಗಂಡಂದಿರು ಹಿಂದಿನ ಬಾಗಿಲಿನಿಂದ ಬರಲಿ ಎಂದಲ್ಲ. ಮನಸ್ಸಿಲ್ಲದಿದ್ದರೆ ಸಹಿ ಹಾಕಬೇಡಿ. ನಿಮ್ಮ ಸಹಿ ಇಲ್ಲದೆ ನಾಮಪತ್ರ ಇಲ್ಲ. ಮನಸ್ಸಿದ್ದರೆ? ಊರಿನ ಅರ್ಧ ಹೆಂಗಸರ ಅಳತೆ ನಿಮ್ಮ ಪುಸ್ತಕದಲ್ಲಿದೆ. ಅವರ ಕಷ್ಟಸುಖವೂ ಮಷಿನ್ ಪಕ್ಕ ಕೂತು ಹೇಳಿದ್ದಿರುತ್ತದೆ. ಹಾಗೆಂದು ನಾನು ನಿಮ್ಮನ್ನು ಎಬ್ಬಿಸಿ ನಿಲ್ಲಿಸುತ್ತಿಲ್ಲ, ಯೋಚನೆ ಮಾಡಿ ಅಷ್ಟೆ. ಯಜಮಾನರು ಒಂದು ದಿನ ನಿಮ್ಮ ಪರ ಮನೆಮನೆಗೆ ಹೋಗುವುದನ್ನು ನೋಡುವ ಆಸೆಯಂತೂ ನನಗಿದೆ.

ಅದೆಲ್ಲ ಆಮೇಲೆ. ಮೊದಲು ಓಮ್ನಿಯಲ್ಲಿ ಮಾತಾಗಲಿ. ಆಮೇಲೆ ಇಬ್ಬರೂ ಸೇರಿ ಅತ್ತೆಯ ಮನೆಗೆ ಹೋಗಿ. ಅವರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಅತ್ತೆಗೆ ಎಲ್ಲ ವಿವರ ಬೇಕಿಲ್ಲ, "ನಿಮ್ಮ ಕೈ ತಪ್ಪಿರಲಿಲ್ಲ" ಎಂದರೆ ಸಾಕು. ಹೋಗುವಾಗ ಚೀಲದಲ್ಲಿ ಅಳತೆ ಟೇಪು ಇರಲಿ. ಐದು ವರ್ಷದಲ್ಲಿ ಅತ್ತೆ ಸೊರಗಿರುತ್ತಾರೆ, ಹಳೆಯ ಅಳತೆ ಆಗಿಬರುವುದಿಲ್ಲ.