ಲೂಯಿ ದ ಫ್ಯುನೆಸ್: ಐವತ್ತು ತುಂಬಿದ ಮೇಲೆ ಬಂದ ಹೆಸರು

ಫ್ರಾನ್ಸಿನವರು ಹಾಸ್ಯನಟ ಲೂಯಿ ದ ಫ್ಯುನೆಸ್ ಅಂದರೆ ಯಾಕಷ್ಟು ಪ್ರಾಣ ಬಿಡುತ್ತಾರೆ, ಅವರ ಯಾವ ಸಿನಿಮಾ ಮೊದಲು ನೋಡಬೇಕು ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: 1966ರ 'ಲಾ ಗ್ರಾಂಡ್ ವಾದ್ರುಯ್'. ಎರಡನೇ ಮಹಾಯುದ್ಧದ ಕಾಲ, ಜರ್ಮನ್ನರ ಕೈಯಲ್ಲಿದ್ದ ಪ್ಯಾರಿಸ್. ಬ್ರಿಟಿಷ್ ವಿಮಾನದ ಸೈನಿಕರು ಪ್ಯಾರಾಶೂಟ್‌ನಲ್ಲಿ ಊರಿನೊಳಗೇ ಬಂದು ಬೀಳುತ್ತಾರೆ. ಅವರನ್ನು ಪಾರು ಮಾಡುವ ಕೆಲಸ ಒಬ್ಬ ಬಣ್ಣ ಬಳಿಯುವವನ ಮತ್ತು ವಾದ್ಯವೃಂದ ನಡೆಸುವ ಒಬ್ಬ ಸಿಡುಕನ ತಲೆಗೆ ಬರುತ್ತದೆ. ಆ ಸಿಡುಕನೇ ನಮ್ಮ ಫ್ಯುನೆಸ್. ಫ್ರಾನ್ಸಿನ ಜನಸಂಖ್ಯೆ ಸುಮಾರು 5 ಕೋಟಿ ಇದ್ದ ಕಾಲದಲ್ಲಿ ಇದಕ್ಕೆ 1 ಕೋಟಿ 70 ಲಕ್ಷ ಟಿಕೆಟ್ ಮಾರಾಟವಾಯಿತು. ಫ್ರೆಂಚ್ ಸಿನಿಮಾಗಳ ಪೈಕಿ ಈ ದಾಖಲೆ ಮುರಿದದ್ದು 2008ರಲ್ಲಿ!

ಈಗ ಮೊದಲ ಪ್ರಶ್ನೆಗೆ. ನನ್ನ ಮಟ್ಟಿಗೆ ಫ್ಯುನೆಸ್ ಮೊದಲು ಸಂಗೀತಗಾರ, ಆಮೇಲೆ ನಟ. 1914ರಲ್ಲಿ ಪ್ಯಾರಿಸ್ ಪಕ್ಕದ ಕುರ್ಬೆವ್ವಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಸ್ಪೇನಿನವರು. ಅಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಆಕೆಯ ಕೂಗಾಟ, ಕೈ ಆಡಿಸುವುದು ಎಲ್ಲವನ್ನೂ ಮಗ ಹಾಗೆಯೇ ಎತ್ತಿಕೊಂಡ. ಅಮ್ಮನೇ ನನ್ನ ಮೊದಲ ನಟನಾ ಗುರು ಅನ್ನುತ್ತಿದ್ದರಂತೆ. ಯುವಕನಾಗಿದ್ದಾಗ ಪ್ಯಾರಿಸ್‌ನ ಪಿಗಾಲ್ ಬಡಾವಣೆಯ ಬಾರುಗಳಲ್ಲಿ ರಾತ್ರಿಯೆಲ್ಲಾ ಪಿಯಾನೋ ನುಡಿಸಿ ಹೊಟ್ಟೆ ಹೊರೆದರು. ಸಿನಿಮಾಕ್ಕೆ ಬಂದಾಗ ಮೂವತ್ತು ದಾಟಿತ್ತು. ಬಾಗಿಲು ತೆರೆಯುವವನು, ಅಂಗಡಿಯವನು, ಹೀಗೆ ಬಂದು ಹಾಗೆ ಹೋಗುವ ಪಾತ್ರಗಳು. ಅಂಥವು ಎಷ್ಟೋ ಡಜನ್. 1964ರಲ್ಲಿ ಸೇಂಟ್ ಟ್ರೊಪೇ ಊರಿನ ಪೊಲೀಸ್ ಕ್ರುಶೋ ಆಗಿ ಬಂದರು ನೋಡಿ, ದೇಶವೇ ತಿರುಗಿ ನೋಡಿತು. ಆಗ ವಯಸ್ಸು ಸರಿಯಾಗಿ ಐವತ್ತು.

ಆ ಪೊಲೀಸನನ್ನು ನಾವೂ ನೋಡಿರುತ್ತೇವೆ ಅಲ್ವಾ? ಮೇಲಧಿಕಾರಿ ಬಂದರೆ ಬೆಣ್ಣೆ, ಕೆಳಗಿನವನು ಸಿಕ್ಕರೆ ಬೆಂಕಿ. ಒಂದು ಕ್ಷಣದಲ್ಲಿ ಅದರಿಂದ ಇದಕ್ಕೆ ಫ್ಯುನೆಸ್ ಮುಖ ಬದಲಾಗುವುದನ್ನು ನೋಡಿಯೇ ತಿಳಿಯಬೇಕು.

1967ರ 'ಒಸ್ಕಾರ್'ನಲ್ಲಿ ಒಂದು ದೃಶ್ಯವಿದೆ. ಬೆಳಗಿನಿಂದ ಒಂದರ ಮೇಲೊಂದು ಕೆಟ್ಟ ಸುದ್ದಿ ಕೇಳಿ ಕೇಳಿ ಒಬ್ಬ ಉದ್ಯಮಿಗೆ ತಲೆ ಕೆಡುತ್ತದೆ. ತನ್ನ ಮೂಗನ್ನು ಹಿಡಿದು ಎಳೆಯುತ್ತಾನೆ. ಎಳೆದಷ್ಟೂ ಮೂಗು ಉದ್ದವಾಗುತ್ತಾ ಹೋಗುತ್ತದೆ. ಅಲ್ಲಿ ಏನೂ ಇಲ್ಲ, ಖಾಲಿ ಗಾಳಿ, ಆದರೂ ನಮಗೆ ಮೂಗು ಕಾಣುತ್ತದೆ. ಆಮೇಲೆ ಅದನ್ನೇ ಪಿಟೀಲು ಮಾಡಿಕೊಂಡು ಬಾರಿಸುತ್ತಾನೆ! ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಸುಮ್ನೆ ಸದ್ದು ಪೂರ್ತಿ ನಿಲ್ಲಿಸಿ ನೋಡಿದೆ. ಆಗಲೂ ತಾಳ ಕೇಳಿಸಿತು. ಬಾರಿನ ಪಿಯಾನೋ ಬೆರಳುಗಳು ಇಡೀ ಮೈಗೆ ಹರಡಿವೆ ಅನ್ನಿಸಿತು. ಈ ಪಾತ್ರವನ್ನು ಅವರು ನಾಟಕದಲ್ಲಿ ನೂರಾರು ಸಲ ಆಡಿದ್ದರು. ಅದಕ್ಕೇ ಒಂದು ಹುಬ್ಬು ಕೂಡ ಜಾಸ್ತಿ ಏರುವುದಿಲ್ಲ.

1975ರಲ್ಲಿ ಎರಡು ಸಲ ಹೃದಯಾಘಾತವಾಯಿತು. ಮತ್ತೆ ಸಿನಿಮಾ ಮಾಡಲು ಇನ್ಶೂರೆನ್ಸ್ ಸಿಗುವುದೇ ಕಷ್ಟವಾಯಿತು. ಆದರೂ ಮುಂದಿನ ವರ್ಷವೇ ವಾಪಸ್ ಬಂದರು, ಅದೂ ಹೋಟೆಲ್ ಊಟಕ್ಕೆ ಅಂಕ ಕೊಡುವ ಭೋಜನಪ್ರಿಯನ ಪಾತ್ರದಲ್ಲಿ. ನಿಜ ಜೀವನದಲ್ಲಿ ಮಾತ್ರ ಸ್ವಂತ ತಟ್ಟೆಯಲ್ಲಿ ಪಥ್ಯದ ಊಟ. ಇದು ನೆನಪಾದಾಗಲೆಲ್ಲ ಮನಸ್ಸು ಹಿಂಡುತ್ತದೆ.

ತೆರೆಯ ಮೇಲೆ ಅಷ್ಟು ಕೂಗಾಡುವ ಮನುಷ್ಯ ಮನೆಯಲ್ಲಿ ಮಾತು ಕಡಿಮೆ, ನಾಚಿಕೆ ಸ್ವಭಾವ. ನಾಂತ್ ಹತ್ತಿರ ಲ ಸೆಲ್ಯೇ ಅನ್ನುವ ಹಳ್ಳಿಯ ಹಳೇ ಬಂಗಲೆಯಲ್ಲಿ ಗುಲಾಬಿ, ತರಕಾರಿ ಬೆಳೆಯುತ್ತಿದ್ದರು, ರಾಸಾಯನಿಕ ಹಾಕದೆ. ಅವರ ಹೆಸರಿನ ಒಂದು ಕಿತ್ತಳೆ ಬಣ್ಣದ ಗುಲಾಬಿ ತಳಿಯೂ ಇದೆ. 1983ರ ಜನವರಿ 27ರಂದು ಹೃದಯ ಮತ್ತೆ ಕೈಕೊಟ್ಟಿತು. ಅದೇ ಹಳ್ಳಿಯಲ್ಲಿ ಮಣ್ಣು ಮಾಡಿದರು.

ಮೊದಲ ಸಿನಿಮಾ ಹಿಡಿಸಿದರೆ 1973ರ 'ರಬ್ಬಿ ಜಾಕೋಬ್' ನೋಡಿ. ಬೇರೆ ಜನಾಂಗದವರನ್ನು ಕಂಡರಾಗದ ಒಬ್ಬ ಶ್ರೀಮಂತ, ಪ್ರಾಣ ಉಳಿಸಿಕೊಳ್ಳಲು ಯಹೂದಿ ಗುರುವಿನ ವೇಷ ಹಾಕುವ ಕತೆ. ಗಡ್ಡ, ಟೋಪಿ ಹಾಕಿಕೊಂಡು ಬೀದಿಯಲ್ಲಿ ಅವರು ಕುಣಿಯುವಾಗ ವಯಸ್ಸು ಐವತ್ತೆಂಟು ದಾಟಿತ್ತು! ಡಬ್ ಆದದ್ದು ಮಾತ್ರ ನೋಡಬೇಡಿ. ಫ್ರೆಂಚ್ ಧ್ವನಿ ಇಟ್ಟು ಕೆಳಗೆ ಸಬ್‌ಟೈಟಲ್ ಹಾಕಿಕೊಳ್ಳಿ. ಅವರು ಅರ್ಧಕ್ಕೆ ನುಂಗುವ ಮಾತು, ಗೊಣಗಾಟ, ಹಲ್ಲು ಕಡಿಯುವ ಸದ್ದು, ಯಾವುದೂ ಬೇರೆಯವರ ಗಂಟಲಲ್ಲಿ ಬರುವುದಿಲ್ಲ.